ಹಿಂದಿನ ಎಡಬಾಗಿಲು

ಮಾರ್ಚ್ 3, ಸೋಮವಾರ

ಇವತ್ತಿನಿಂದ ಮಾವನ ವರ್ಕ್‌ಶಾಪಿನಲ್ಲಿ ಕೆಲಸ. ಅಮ್ಮ ಇದನ್ನು ಕೆಲಸ ಅನ್ನುವುದಿಲ್ಲ. “ನಾಲ್ಕು ಜನರ ನಡುವೆ ಇದ್ದು ಬಾ” ಅನ್ನುತ್ತಾಳೆ. ಕಳೆದ ತಿಂಗಳು ಕಾಲೇಜಿನ ಸಂದರ್ಶನದಲ್ಲಿ ಮೂವರು ನನ್ನೆದುರು ಕೂತು ಪ್ರಾಸದ ಬಗ್ಗೆ ಕೇಳಿದರು. ನಾನು ಎಂ.ಎ.ಯಲ್ಲಿ ಎರಡು ವರ್ಷ ಓದಿದ್ದೇ ಅದನ್ನು. ಆದರೂ ಮೇಜಿನ ಮೇಲಿದ್ದ ನೀರಿನ ಲೋಟ ನೋಡುತ್ತಾ ಕೂತುಬಿಟ್ಟೆ. “ನೀರು ಬೇಕೇನಮ್ಮಾ?” ಎಂದು ಒಬ್ಬರು ಕೇಳಿದರು. ಅದಕ್ಕೂ ನನ್ನಿಂದ ಉತ್ತರ ಬರಲಿಲ್ಲ.

ಮಾವ ಅಮ್ಮನ ತಮ್ಮ. ಗುಂಡಿಯೊಂದನ್ನು ಒತ್ತಿದರೆ ಕಾರಿನ ನಾಲ್ಕು ಬಾಗಿಲೂ ಒಟ್ಟಿಗೆ ಲಾಕ್ ಆಗುವಂತೆ ಹಳೆಯ ಕಾರುಗಳಿಗೆ ಮೋಟರು ಕೂರಿಸುವುದು ಅವರ ಕಸುಬು. ಡ್ರೈವರುಗಳ ಬಾಯಲ್ಲಿ ಅವರ ಹೆಸರು ಕಿವಿ ಮೇಸ್ತ್ರಿ. ಕೆಲಸ ಮುಗಿದ ಮೇಲೆ ಮಾವ ಕಾರಿನಿಂದ ಆರು ಹೆಜ್ಜೆ ದೂರ ಹೋಗಿ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಗುಂಡಿ ಒತ್ತಿದಾಗ ಬರುವ ‘ಟಕ್’ ಕೇಳಿಯೇ ಯಾವ ಬಾಗಿಲಲ್ಲಿ ಯಾವ ಸ್ಕ್ರೂ ಸಡಿಲ ಎಂದು ಹೇಳುತ್ತಾರೆ. ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ತಪ್ಪಿಲ್ಲವಂತೆ.

ನನ್ನನ್ನು ನೋಡಿದ್ದೇ, “ಬಾರೇ ಎಮ್ಮೆ” ಅಂದರು. ಪಕ್ಕದಲ್ಲಿದ್ದ ಡ್ರೈವರ್‌ಗೆ, “ನಮ್ಮಕ್ಕನ ಮಗಳು. ಎಮ್ಮೆ ಪಾಸಾಗಿದೆ, ಹಾಲು ಮಾತ್ರ ಇನ್ನೂ ಕೊಟ್ಟಿಲ್ಲ” ಎಂದು ಪರಿಚಯ ಮಾಡಿಕೊಟ್ಟರು. ಅವನು ನಕ್ಕ. ನಾನೂ ನಕ್ಕಿರಬೇಕು.

ಯಾವ ಕಾರಿಗೆ ಏನು ಕೆಲಸ ಎಂದು ಚೀಟಿ ಬರೆಯುವುದು ನನ್ನ ಪಾಲಿಗೆ ಬಂದದ್ದು. ಬಿಸಿಲು ತಗಡಿನ ಸೂರಿನ ತೂತುಗಳಿಂದ ಇಳಿದು ನೆಲದ ಎಣ್ಣೆಯ ಮೇಲೆ ನಾಣ್ಯ ಚೆಲ್ಲಿದ ಹಾಗೆ ಬಿದ್ದಿತ್ತು. ಇದನ್ನು ಎಲ್ಲಾದರೂ ಬಳಸಿಕೊಳ್ಳಬೇಕು.

ಮಾರ್ಚ್ 5, ಬುಧವಾರ

ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್‌ಗಳ ಸಂಸ್ಥೆಯೊಂದರಿಂದ ಒಂಬತ್ತು ಕಾರು ಬಂದಿವೆ. ಎಲ್ಲ ಒಂದೇ ಮಾದರಿ, ಒಂದೇ ಬಿಳಿ. ಓಡಿಸುವವರೆಲ್ಲ ಹೆಂಗಸರು, ಓಡಾಟವೆಲ್ಲ ಒಬ್ಬೊಬ್ಬರೇ. ಹೋದ ತಿಂಗಳು ಸಿಗ್ನಲ್ಲಿನಲ್ಲಿ ಯಾವನೋ ನರ್ಸ್ ಒಬ್ಬರ ಕಾರಿನ ಬಾಗಿಲು ತೆಗೆದು ಔಷಧದ ಚೀಲ ಕಿತ್ತುಕೊಂಡು ಓಡಿದನಂತೆ. ಅದಕ್ಕೇ ಈಗ ಲಾಕ್ ಬೇಕಾಗಿದೆ.

ಮೊದಲ ಬಾಗಿಲಿನ ಒಳಗಿನ ಪ್ಯಾಡು ಬಿಚ್ಚಿದ ಮಾವ “ಹತ್ತೇರಿ” ಅಂದರು. ಅವರಿಗೆ ಅಭ್ಯಾಸವಿದ್ದ ಕಾರುಗಳಲ್ಲಿ ಒಳಗಿನ ಲಾಕ್ ಗುಂಡಿಯಿಂದ ಬಾಗಿಲಂಚಿನಲ್ಲಿ ಬಾಗಿಲನ್ನು ಕಚ್ಚಿ ಹಿಡಿಯುವ ಲಾಚಿನವರೆಗೆ ಗಟ್ಟಿ ಕಂಬಿ ಇರುತ್ತಿತ್ತು. ಮೋಟರಿನ ಕಡ್ಡಿಯನ್ನು ಕ್ಲಾಂಪು ಹಾಕಿ ಅದಕ್ಕೆ ಬಿಗಿದರೆ ಮುಗಿಯಿತು. ಮೋಟರು ತಳ್ಳಿದರೆ ಕಂಬಿಯೂ ತಳ್ಳುತ್ತದೆ, ಎಳೆದರೆ ಕಂಬಿಯೂ ಎಳೆಯುತ್ತದೆ. ಇವುಗಳಲ್ಲಿ ಕಂಬಿಯೇ ಇಲ್ಲ. ಸೈಕಲ್ಲಿನ ಬ್ರೇಕಿಗೆ ಇರುವ ಹಾಗೆ ಪ್ಲಾಸ್ಟಿಕ್ ಕೊಳವೆಯೊಳಗೆ ಓಡುವ ಒಂದು ತೆಳು ವೈರು.

ಮಾವ ತುಸು ಹೊತ್ತು ಗಲ್ಲ ಕೆರೆದುಕೊಂಡರು. “ಕಂಬಿ ಇಲ್ದಿದ್ರೆ ವೈರನ್ನೇ ಹಿಡಿಯೋಣ. ನಡುವೆ ಎರಡಿಂಚು ಕೊಳವೆ ಕುಯ್ದು ಕ್ಲಾಂಪು ಕೂರಿಸಿದ್ರೆ ಆಯ್ತು. ಏನು ಮಹಾ.”

ಬಾಗಿಲಿನ ತಗಡಿನ ತೂತಿನೊಳಗೆ ಅವರ ಕೈ ಹೋಗಲಿಲ್ಲ. ನನ್ನ ಕಡೆ ತಿರುಗಿದರು. “ಎಮ್ಮೆಗೆ ಬೆರಳು ಮಾತ್ರ ಮೇಕೆ ಕಾಲಿನ ಹಾಗಿವೆ. ಬಾ ಇಲ್ಲಿ.”

ಮಾರ್ಚ್ 7, ಶುಕ್ರವಾರ

ಕೈಯೆಲ್ಲ ಗೀರು. ಬಾಗಿಲಿನ ಒಳಗಡೆ ಒಂದು ಕತ್ತಲೆಯ ಕೋಣೆ. ಅಲ್ಲಿ ಕಣ್ಣಿಗೆ ಕೆಲಸವಿಲ್ಲ, ಎಲ್ಲವನ್ನೂ ಬೆರಳೇ ನೋಡಬೇಕು.

ಇವತ್ತು ನಾಲ್ಕನೆಯ ಕಾರಿನ ಹಿಂದಿನ ಎಡಬಾಗಿಲಿನಲ್ಲಿ ಕ್ಲಾಂಪು ಹಿಡಿದುಕೊಂಡಿದ್ದಾಗ ಮಾವ ಗುಂಡಿ ಒತ್ತಿದರು. ಕುಯ್ದು ಬೆತ್ತಲೆ ಮಾಡಿದ ಜಾಗದಲ್ಲಿ ವೈರು ಬಿಲ್ಲಿನ ಹಾಗೆ ಬಾಗಿ ನನ್ನ ಬೆರಳಿಗೆ ಒತ್ತಿತು. ಎಳೆಯುವಾಗ ನೆಟ್ಟಗೇ ಇತ್ತು. ತಳ್ಳುವಾಗ ಮಾತ್ರ ಮೊದಲು ಬಾಗಿ ಆಮೇಲೆ ಮುಂದೆ ಹೋಯಿತು. ದಾರವನ್ನು ಯಾರು ತಳ್ಳುತ್ತಾರೆ?

“ಮಾವ…” ಅಂದೆ.

“ಏನೇ?”

“ಏನಿಲ್ಲ.”

ಮಾವ ಹೊರಗಿನ ಹಿಡಿ ಎಳೆದು ನೋಡಿದರು. ಬಾಗಿಲು ಬರಲಿಲ್ಲ, ಲಾಕ್ ಆಗಿತ್ತು. ಆಮೇಲೆ ದೂರ ಹೋಗಿ ಕಣ್ಣು ಮುಚ್ಚಿ ಕೇಳಿದರು. “ಫಸ್ಟ್ ಕ್ಲಾಸ್” ಅಂದರು. ಮೂವತ್ತು ವರ್ಷದ ಕಿವಿ ಅದು. ನನ್ನ ಬೆರಳಿಗೆ ಮೂರು ದಿನದ ಅನುಭವ.

ಮಾರ್ಚ್ 8, ಶನಿವಾರ

ಎರಡು ಕಾರು ಮುಗಿದವು. ಹಿಂದಿನ ಬಾಗಿಲುಗಳಲ್ಲಿ ಮತ್ತೆ ಅದೇ. ಮುಂದಿನವುಗಳಲ್ಲಿ ಅಷ್ಟಿಲ್ಲ. ಸುಮ್ಮನಿದ್ದೆ.

ಮಾರ್ಚ್ 12, ಬುಧವಾರ

ಒಂಬತ್ತೂ ಹೋದವು. ನಾಲ್ಕನೆಯ ಕಾರು ತೆಗೆದುಕೊಳ್ಳಲು ಬಂದವರು ಗುಂಗುರುಗೂದಲಿನ ಸಿಸ್ಟರ್. ಆ ಕಾರನ್ನು ಓಡಿಸುವವರೇ ಅವರು. ಬಂದ ಐದು ನಿಮಿಷಕ್ಕೆ ಮಾವನಿಗೆ ಅಣ್ಣ ಅಂದರು, ನನಗೆ “ಏನಮ್ಮ ಮೌನಗೌರಿ” ಅಂದರು.

“ಇವಳು ಮಾತಾಡ್ತಾಳಾ ಅಣ್ಣಾ, ಇಲ್ಲ ರಿಪೇರಿಗೆ ಬಂದಿದಾಳಾ?”

“ಪಾರ್ಟ್ಸ್ ಸಿಗ್ತಿಲ್ಲ ಸಿಸ್ಟರ್” ಅಂದರು ಮಾವ.

ಅವರು ಕಾರಿನೊಳಗೆ ಕೂತು ಗುಂಡಿ ಒತ್ತಿದರು. ಟಕ್. ಒತ್ತಿ ತೆಗೆದರು, ಮತ್ತೆ ಒತ್ತಿದರು. ಹೊಸ ಬಳೆ ತೊಟ್ಟವರು ಕೈ ಆಡಿಸುವ ಹಾಗೆ ಐದಾರು ಸಲ ಮಾಡಿದರು. ಆಮೇಲೆ ಗಾಜು ಇಳಿಸಿದರು. “ಬಸ್ ಡಿಪೋ ಹಿಂದಿನ ಗಲ್ಲೀಲಿ ಒಬ್ರು ಅಜ್ಜ ಇದಾರೆ, ಹಾಸಿಗೆ ಹಿಡಿದಿದಾರೆ. ಸೋಮವಾರ, ಗುರುವಾರ ಸಾಯಂಕಾಲ ಗಾಯ ಕಟ್ಟಬೇಕು. ಆ ಗಲ್ಲಿಗೆ ಒಬ್ಬಳೇ ಹೋಗಲ್ಲ ಅಂತ ಹಟ ಹಿಡಿದಿದ್ದೆ. ಇನ್ನು ಹೋಗ್ತೀನಿ. ನಿಮ್ಮ ಪುಣ್ಯ.”

ಪುಣ್ಯ ಅಂದದ್ದು ಮಾವನಿಗೆ. ನೋಡಿದ್ದು ನನ್ನನ್ನು.

ಮಾರ್ಚ್ 20, ಗುರುವಾರ

ಐದನೆಯ ಕಾರಿನ ಹಿಂದಿನ ಗಾಜು ಗಡಗಡ ಅನ್ನುತ್ತಿದೆಯೆಂದು ವಾಪಸು ಬಂತು. ಮಾವ ಸಾಮಾನು ತರಲು ಪೇಟೆಗೆ ಹೋಗಿದ್ದರು. ನಾನು ಗುಂಡಿ ಒತ್ತಿದೆ, ಟಕ್ ಅಂತು. ಒಳಗಿನ ಲಾಕಿನ ಕೆಂಪು ಗುರುತು ಮುಚ್ಚಿಕೊಂಡಿತು. ಅಂದರೆ ಲಾಕ್ ಆಗಿದೆ ಎಂದರ್ಥ. ಯಾಕೋ ಹೊರಗಿನಿಂದ ಹಿಂದಿನ ಎಡಬಾಗಿಲಿನ ಹಿಡಿ ಎಳೆದೆ.

ಬಾಗಿಲು ತೆರೆದುಕೊಂಡಿತು.

ಪ್ಯಾಡು ಬಿಚ್ಚಿದೆ. ದಿನಕ್ಕೆ ಇಪ್ಪತ್ತು ಸಲ ತಳ್ಳಿಸಿಕೊಂಡು ವೈರು ಬಾಗಿದ್ದು ಬಾಗಿದ ಹಾಗೇ ನಿಂತುಬಿಟ್ಟಿದೆ. ಮೋಟರು ಓಡುತ್ತದೆ, ಶಬ್ದ ಬರುತ್ತದೆ. ಕ್ಲಾಂಪಿನ ಈಚೆಯ ವೈರು ಎಳೆಸಿಕೊಳ್ಳುವುದರಿಂದ ಒಳಗಿನ ಗುರುತೂ ಸರಿಯುತ್ತದೆ. ಕ್ಲಾಂಪಿನ ಆಚೆಗೆ ಮಾತ್ರ ವೈರು ಬಾಗಿ ಸುಮ್ಮನಾಗುತ್ತದೆ, ಲಾಚಿನವರೆಗೆ ಏನೂ ತಲುಪುವುದಿಲ್ಲ. ಕೂತವರಿಗೆ ಎಲ್ಲ ಸರಿಯಾಗಿಯೇ ಕಾಣಿಸುತ್ತದೆ, ಸರಿಯಾಗಿಯೇ ಕೇಳಿಸುತ್ತದೆ.

ಒಂಬತ್ತು ಕಾರಿಗೆ ಹದಿನೆಂಟು ಹಿಂಬಾಗಿಲು. ಇವತ್ತು ಗುರುವಾರ. ಸಾಯಂಕಾಲ ಗುಂಗುರುಗೂದಲಿನ ಸಿಸ್ಟರ್ ಆ ಗಲ್ಲಿಯಲ್ಲಿ ಇರುತ್ತಾರೆ.

ಮಾವ ಬಂದರು. ಊಟ ಮಾಡಿದರು. ನಾನು ಹೇಳಲಿಲ್ಲ.

ಮಾರ್ಚ್ 21, ಶುಕ್ರವಾರ

ಮಾವನಿಗೆ ಪತ್ರ ಬರೆದೆ. ನಾಲ್ಕು ಪುಟ. ಮೊದಲ ಪುಟದಲ್ಲಿ ಅವರ ಅನುಭವದ ಬಗ್ಗೆ ನನಗಿರುವ ಗೌರವ. ಎರಡನೆಯದರಲ್ಲಿ ಕೇಳುವುದಕ್ಕೂ ಮುಟ್ಟುವುದಕ್ಕೂ ಇರುವ ವ್ಯತ್ಯಾಸ. ಮೂರನೆಯ ಪುಟದಲ್ಲಿ, ನಂಬಿಕೆ ಎನ್ನುವುದು ಎಷ್ಟು ತೆಳುವಾದ ತಂತಿ ಎಂದು. ಮೂರು ಸಲ ತಿದ್ದಿ ಬರೆದೆ. ಅವರ ಟೂಲ್ ಪೆಟ್ಟಿಗೆಯ ಮೇಲಿಟ್ಟು ಬಂದೆ.

ಎದೆ ಹಗುರಾಯಿತು. ಬರೆಯಲು ಬರುವವರಿಗೆ ಮಾತು ಬರದಿದ್ದರೂ ನಡೆಯುತ್ತದೆ.

ಮಾರ್ಚ್ 22, ಶನಿವಾರ

“ನಿನ್ನ ಕಾಗದ ಓದ್ದೆ ಕಣೆ” ಅಂದರು ಮಾವ, ಟೀ ಹೀರುತ್ತಾ. “ಬಹಳ ಚೆನ್ನಾಗಿದೆ. ನಿಮ್ಮತ್ತೆಗೂ ಓದಿ ಹೇಳ್ದೆ, ಕಣ್ಣಲ್ಲಿ ನೀರು ಹಾಕ್ಕೊಂಡ್ಲು.”

“ಮತ್ತೆ?”

“ಮತ್ತೇನು? ಏನು ವಿಷಯ ಅಂತ ಇಬ್ರಿಗೂ ಗೊತ್ತಾಗ್ಲಿಲ್ಲ. ಕೆಲಸ ಬಿಡ್ತೀಯಾ?”

ನಾಲ್ಕು ಪುಟದಲ್ಲಿ ಎಲ್ಲೂ ನಾನು ‘ಬಾಗಿಲು ಲಾಕ್ ಆಗುವುದಿಲ್ಲ’ ಎಂದು ಬರೆದಿರಲಿಲ್ಲ.

ಸಿಟ್ಟು ಬಂತು. ಯಾರ ಮೇಲೋ ಗೊತ್ತಿಲ್ಲ. “ಮಾವ, ಎದ್ದು ಬನ್ನಿ” ಅಂದೆ. ಐದನೆಯ ಕಾರಿನ ಹತ್ತಿರ ಕರೆದೊಯ್ದೆ. “ಕಣ್ಣು ಮುಚ್ಕೊಳ್ಳಿ.”

ಅವರು ನಗುತ್ತಾ ಮುಚ್ಚಿಕೊಂಡರು. ಗುಂಡಿ ಒತ್ತಿದೆ.

“ನಾಲ್ಕೂ ಬಿತ್ತು” ಅಂದರು. “ಹಿಂದಿನ ಬಲಗಡೇದು ಸ್ವಲ್ಪ ಒಣಗಿದೆ, ಒಂದು ತೊಟ್ಟು ಎಣ್ಣೆ ಬಿಡು.”

ಎರಡು ಬೆರಳಿನಿಂದ ಹಿಂದಿನ ಎಡಬಾಗಿಲು ತೆಗೆದು ಪೂರ್ತಿ ತೆರೆದಿಟ್ಟೆ. “ಈಗ ಬಿಡಿ ಕಣ್ಣು.”

ಅವರ ಮುಖ ನೋಡಬಾರದಿತ್ತು. ತಾವೇ ಒತ್ತಿ ನೋಡಿದರು, ಬಾಗಿಲಿಗೆ ಕಿವಿಯಿಟ್ಟು ಕೇಳಿದರು, ಎಳೆದರು, ಮತ್ತೆ ಒತ್ತಿದರು. ಕೊನೆಗೆ ಲಾಚು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಮನೆಗೆ ತೆಗೆದುಕೊಂಡು ಹೋದರು. ಟೀ ಲೋಟ ಅಲ್ಲೇ ತಣ್ಣಗಾಗಿತ್ತು.

ಮಾರ್ಚ್ 25, ಮಂಗಳವಾರ, ಬೆಳಿಗ್ಗೆ

ನಿನ್ನೆಯದನ್ನು ನಿನ್ನೆಯೇ ಬರೆಯಲಾಗಲಿಲ್ಲ.

ಮಾವ ಭಾನುವಾರವಿಡೀ ಲಾಚನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಂತೆ. ನಿನ್ನೆ ಬೆಳಿಗ್ಗೆ ದಾರಿ ಕಂಡುಕೊಂಡೇ ಬಂದರು. ವೈರನ್ನು ಮುಟ್ಟಲೇಬಾರದಿತ್ತು. ವೈರಿನ ತುದಿ ಸಿಕ್ಕಿಕೊಳ್ಳುವ ಪುಟ್ಟ ಪಟ್ಟಿಯೊಂದು ಲಾಚಿನಲ್ಲೇ ಇದೆ. ಮೋಟರಿನ ಕಡ್ಡಿಯನ್ನು ನೇರವಾಗಿ ಅದಕ್ಕೆ ಕೊಟ್ಟುಬಿಟ್ಟರೆ ತಳ್ಳಿದರೂ ಎಳೆದರೂ ಗಟ್ಟಿ. ಮಧ್ಯಾಹ್ನದೊಳಗೆ ಐದನೆಯ ಕಾರು ಸರಿಹೋಯಿತು. ನೂರು ಸಲ ಎಳೆದೆ, ಬರಲಿಲ್ಲ.

“ಉಳಿದ ಎಂಟು?” ಅಂದೆ.

“ಬಂದಾಗ ಮಾಡ್ಕೊಡೋಣ. ಏನಾದ್ರೂ ನೆಪಕ್ಕೆ ಒಂದೊಂದಾಗಿ ಬಂದೇ ಬರ್ತಾವೆ. ಸದ್ದಿಲ್ಲದೆ ಮುಗಿದುಹೋಗ್ಲಿ.”

“ಅಲ್ಲೀವರೆಗೆ?”

“ಅಲ್ಲೀವರೆಗೆ ಯಾರಿಗೂ ಗೊತ್ತಿಲ್ವಲ್ಲೇ. ಲಾಕ್ ಆಗಿದೆ ಅಂತ ಕಾಣೋ ಬಾಗಿಲನ್ನ ಯಾರು ಎಳೆದು ನೋಡ್ತಾರೆ?” ಅವರು ನನ್ನ ಕಡೆ ನೋಡಲಿಲ್ಲ. “ಕಿವಿ ಮೇಸ್ತ್ರಿ ಕಿವುಡ ಅಂತ ನಾನೇ ಡಂಗುರ ಹೊಡೀಲಾ?”

ಸಂಸ್ಥೆಯ ಆಫೀಸಿಗೆ ಎರಡು ಸಲ ಫೋನ್ ಮಾಡಿದೆ. ಆ ಕಡೆ “ಹಲೋ” ಅಂದ ತಕ್ಷಣ ಎರಡು ಸಲವೂ ಇಟ್ಟುಬಿಟ್ಟೆ. ಚೀಟಿಯಲ್ಲಿದ್ದ ಗುಂಗುರುಗೂದಲಿನ ಸಿಸ್ಟರ್ ನಂಬರಿಗೆ ಮಾಡಿದೆ. ಅವರು ಎತ್ತಲಿಲ್ಲ. ರೋಗಿಯ ಮನೆಯಲ್ಲಿ ಫೋನ್ ಮುಟ್ಟುವುದಿಲ್ಲವೇನೋ. ನಿನ್ನೆ ಸೋಮವಾರ. ಗಂಟೆ ಐದಾಗಿತ್ತು.

ಬಸ್ ಹತ್ತಿದೆ. ಡಿಪೋ ಹಿಂದಿನ ಗಲ್ಲಿ ಅಂದುಕೊಂಡದ್ದಕ್ಕಿಂತ ಉದ್ದ. ಒಂದು ಕಡೆ ಡಿಪೋದ ಗೋಡೆ, ಇನ್ನೊಂದು ಕಡೆ ಮುಚ್ಚಿದ ಗೋದಾಮುಗಳು, ನಡುನಡುವೆ ಮನೆ. ಬಿಳಿ ಕಾರು ಗೋಡೆಗೆ ಅಂಟಿಕೊಂಡು ನಿಂತಿತ್ತು. ಯಾವ ಮನೆಯೆಂದು ಗೊತ್ತಾಗಲಿಲ್ಲ. ಮುಂದಿನ ಬಾಗಿಲು ಎಳೆದೆ, ಲಾಕ್ ಆಗಿತ್ತು. ಹಿಂದಿನ ಎಡಬಾಗಿಲು ಎಳೆದೆ.

ತೆರೆದುಕೊಂಡಿತು.

ಅಷ್ಟರಲ್ಲಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಒಬ್ಬ ಮುದುಕ ನಿಂತು ನನ್ನನ್ನೇ ನೋಡಿದ. ಇನ್ನೊಬ್ಬರ ಕಾರಿನ ಬಾಗಿಲು ತೆಗೆದು ನಿಂತಿರುವ ನಾನು ಏನೆಂದು ಹೇಳಲಿ? ಬೇರೆ ಯಾರಾದರೂ ಬಾಗಿಲು ಮುಚ್ಚಿ ದೂರ ಹೋಗಿ ನಿಲ್ಲುತ್ತಿದ್ದರು. ನಾನು ಒಳಗೆ ಕೂತು ಬಾಗಿಲು ಹಾಕಿಕೊಂಡೆ, ಅದು ನನ್ನದೇ ಕಾರು ಎನ್ನುವ ಹಾಗೆ. ಅವನು ಹೋದ. ಸಿಸ್ಟರ್ ಎದುರಿನ ಮನೆಯಿಂದಲೇ ಬರಬಹುದು, ಗೇಟು ದಾಟುವಾಗ ಇಳಿದು ನಿಲ್ಲೋಣ ಅಂದುಕೊಂಡೆ.

ಆದರೆ ಅವರು ಎದುರಿನ ಗೇಟಿನಿಂದ ಬರಲಿಲ್ಲ. ಹಿಂದಿನಿಂದ ಬಂದರು, ಬಿರಬಿರನೆ, ತಲೆ ತಗ್ಗಿಸಿಕೊಂಡು. ಕೂತರು, ಚೀಲವನ್ನು ಪಕ್ಕಕ್ಕೆ ಎಸೆದರು, ಗುಂಡಿ ಒತ್ತಿದರು. ಟಕ್. ಆಮೇಲೆ ಸ್ಟಿಯರಿಂಗಿಗೆ ಹಣೆಯಿಟ್ಟು ಅಳತೊಡಗಿದರು. ಲಾಕ್ ಮಾಡಿಕೊಂಡ ಮೇಲೆಯೇ ಅತ್ತರು. ಯಾರೂ ಇಲ್ಲ ಎಂದುಕೊಂಡವರು ಅಳುವ ಹಾಗೆ, ಮೂಗು ಒರೆಸಿಕೊಳ್ಳುತ್ತಾ, “ಅಯ್ಯೋ ಅಜ್ಜಾ” ಅಂತ ಮತ್ತೆ ಮತ್ತೆ.

ಅವರ ಬೆನ್ನಿನಿಂದ ಎರಡಡಿ ಹಿಂದೆ ನಾನು ಕೂತಿದ್ದೆ. ಆಗ ಮಾತಾಡಬೇಕಿತ್ತು. ಅಳು ನಿಲ್ಲಲಿ ಅಂದುಕೊಂಡೆ. ನಿಂತ ಮೇಲೆ ಈಗ ಮಾತಾಡಿದರೆ ಹೆದರುತ್ತಾರೆ ಅಂದುಕೊಂಡೆ. ಕಾರು ಹೊರಟಿತು. ಒಂದು ಗೋದಾಮು ದಾಟಿತು, ಎರಡು ದಾಟಿತು. ಮುಂದೆ ದೊಡ್ಡ ರಸ್ತೆ, ಲಾರಿಗಳು. ಅಲ್ಲಿ ಅವರು ಬೆಚ್ಚಿಬಿದ್ದರೆ?

“ಸಿಸ್ಟರ್” ಅಂದೆ.

ಆ ಕೂಗನ್ನು ಬರೆಯಲಾರೆ. ಕಾರು ಗಕ್ಕನೆ ನಿಂತಿತು. ನನ್ನ ಮುಖ ಮುಂದಿನ ಸೀಟಿಗೆ ಬಡಿಯಿತು. ಅವರು ಬಾಗಿಲು ತೆಗೆದು ಓಡಿದರು. ಹತ್ತು ಹೆಜ್ಜೆಯ ಮೇಲೆ ಒಂದು ಚಪ್ಪಲಿ ಕಳಚಿಬಿತ್ತು. ನಾನು ಇಳಿದು ಎರಡೂ ಕೈ ಮೇಲೆತ್ತಿ ನಿಂತೆ. “ನಾನು ಸಿಸ್ಟರ್! ವರ್ಕ್‌ಶಾಪಿನವಳು! ನಾನು!”

ಅವರು ತಿರುಗಿ ನೋಡಿದರು. ಗೋಡೆ ಹಿಡಿದುಕೊಂಡರು. ಹತ್ತಿರ ಬಂದು ಕೆನ್ನೆಗೆ ಒಂದು ಬಾರಿಸಿದರು. ಆಮೇಲೆ ನನ್ನ ಭುಜ ಹಿಡಿದುಕೊಂಡರು.

“ಹೇಗೆ ಬಂದೆ ಒಳಗೆ?”

“ಬಾಗಿಲು ತೆಗೆದು.”

“ಲಾಕ್ ಮಾಡಿದ್ನಲ್ಲೇ! ನನ್ನ ಕೈಯಾರೆ ಮಾಡಿದ್ನಲ್ಲೇ!”

“ಹಿಂದಿನ ಬಾಗಿಲುಗಳು ಲಾಕ್ ಆಗಲ್ಲ ಸಿಸ್ಟರ್. ಶಬ್ದ ಮಾತ್ರ ಬರುತ್ತೆ. ಒಂಬತ್ತು ಕಾರಿಗೂ ಹಾಗೇ ಮಾಡಿದೀವಿ. ಒಂದು ಮಾತ್ರ ಸರಿಮಾಡಿದೀವಿ.”

ಅವರು ನನ್ನ ಭುಜ ಬಿಟ್ಟರು. “ಯಾವತ್ತಿಂದ ಗೊತ್ತು ನಿಂಗೆ?”

ಗೊತ್ತಾಗಿ ನಾಲ್ಕು ದಿನ ಅನ್ನಬಹುದಿತ್ತು. ಅದೂ ಸುಳ್ಳಲ್ಲ.

“ಕೈಗೆ ಗೊತ್ತಾಗಿ ಹದಿನೇಳು ದಿನ.”

ಚಪ್ಪಲಿ ಎತ್ತಿ ಹಾಕಿಕೊಂಡರು. ಅಲ್ಲೇ ನಿಂತು ಸಂಸ್ಥೆ ನೋಡಿಕೊಳ್ಳುವ ಅವರ ದೊಡ್ಡ ಸಿಸ್ಟರ್‌ಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು. “ಹೇಳು.” ಹೇಳಿದೆ. ಯಾವ ಕಾರು, ಯಾವ ಬಾಗಿಲು, ಯಾಕೆ, ಎಷ್ಟು ದಿನ ಹಿಡಿಯುತ್ತದೆ, ಎಲ್ಲ. ಇವತ್ತಿನಿಂದ ಯಾರೂ ಒಬ್ಬರೇ ಹೋಗುವುದು ಬೇಡ ಎಂದೂ ಹೇಳಿದೆ. ಆಮೇಲೆ ಮಾವನಿಗೆ ಮಾಡಿದೆ. “ನಾಳೆ ಎಂಟಕ್ಕೆ ಎಲ್ಲ ಕಾರೂ ಬರ್ತಾವೆ ಮಾವ. ಕುಯ್ದಿರೋ ಎಲ್ಲ ಬಾಗಿಲಿಗೂ ಹೊಸ ವೈರು ಬೇಕು, ಈಗ್ಲೇ ಹೇಳಿ ತರಿಸಿಡಿ. ಬೀಗದ ಕೈ ನನ್ನ ಹತ್ರ ಇದೆ, ಏಳಕ್ಕೇ ಬಂದು ತೆಗೀತೀನಿ.”

ಅವರ ಮಾತಿಗೆ ಕಾಯದೆ ನಾನೇ ಇಟ್ಟೆ.

ಸಿಸ್ಟರ್ ನನ್ನನ್ನು ಬಸ್‌ಸ್ಟಾಪಿನವರೆಗೆ ಬಿಟ್ಟರು. ಈಗ ಬೆಳಿಗ್ಗೆ ಆರೂಕಾಲಾಯಿತು, ವರ್ಕ್‌ಶಾಪಿಗೆ ಹೊರಡಬೇಕು.

ಮಾರ್ಚ್ 25, ಮಂಗಳವಾರ, ರಾತ್ರಿ

ಮೂರು ಕಾರು ಆದವು. ಅಂಗೈ ತರಚಿದೆ, ಪೆನ್ನು ಹಿಡಿಯಲಾಗುತ್ತಿಲ್ಲ.

ಮಾವ ನನಗಿಂತ ಮೊದಲೇ ಬಂದು ಬಾಗಿಲಲ್ಲಿ ಕೂತಿದ್ದರು. ನನ್ನ ಜೊತೆ ಮಾತಿಲ್ಲ. ಆದರೆ ಕಾರು ತಂದ ಒಬ್ಬೊಬ್ಬರ ಎದುರೂ ತಾವೇ ಹೋಗಿ ನಿಂತು, “ತಪ್ಪು ನಂದು, ಹುಡುಗಿದಲ್ಲ” ಅಂದರು. ಒಬ್ಬರು, “ಇವಳೇ ಅಲ್ವಾ ಕಾರೊಳಗೆ ಅಡಗಿ ಕೂತಿದ್ದೋಳು?” ಎಂದು ಕೇಳಿದರು. “ಹೌದು, ನಾನೇ. ಬಾನೆಟ್ ಮೇಲೆ ಚೀಲ ಇಡಬೇಡಿ” ಅಂದೆ.

ಮಾರ್ಚ್ 27, ಗುರುವಾರ

ಏಳನೆಯದು ಅರ್ಧ ಆಗಿದೆ. ಲಾಚಿನ ಮೂರು ಸ್ಕ್ರೂಗಳಲ್ಲಿ ಕೆಳಗಿನದು ತಿರುಗಲು ಒಪ್ಪುವುದಿಲ್ಲ, ಸುತ್ತಿಗೆಯಲ್ಲಿ ಒಂದೇಟು ಕೊಟ್ಟು ತಿರುಗಿಸಬೇಕು. ಪಕ್ಕದ ಬಣ್ಣದಂಗಡಿಯವನು ಕಂಪ್ರೆಸರ್ ಹಾಕಿದಾಗ ಏನೂ ಕೇಳಿಸುತ್ತಿರಲಿಲ್ಲ. ಹೋಗಿ ನಿಲ್ಲಿಸು ಅಂದು ಬಂದೆ.

ಮಾವ ಕಣ್ಣು ಮುಚ್ಚುವುದನ್ನು ಬಿಟ್ಟಿದ್ದಾರೆ. ಪ್ರತಿ ಬಾಗಿಲನ್ನೂ ಎಳೆಯುತ್ತಾರೆ, ಆಮೇಲೆ ನನ್ನಿಂದ ಎಳೆಸುತ್ತಾರೆ. ಇವತ್ತು ಇದ್ದಕ್ಕಿದ್ದಂತೆ ಕೇಳಿದರು. “ಅವತ್ತು ಆ ಕಾರೊಳಗೆ ಕೂತಿದ್ಯಲ್ಲ. ಶಬ್ದ ಹೆಂಗಿತ್ತೇ?”

“ಸರಿಯಾಗೇ ಇತ್ತು ಮಾವ. ನಾಲ್ಕೂ ಒಟ್ಟಿಗೇ ಬಿತ್ತು.”

ಅವರು ತಲೆಯಾಡಿಸಿ ಹೊರಗೆ ಹೋದರು. ಹಿಂತಿರುಗಲು ಸುಮಾರು ಹೊತ್ತಾಯಿತು.

ಮಾರ್ಚ್ 29, ಶನಿವಾರ

ಕೊನೆಯ ಕಾರು ಗುಂಗುರುಗೂದಲಿನ ಸಿಸ್ಟರ್ ಅವರದು. ತೆಗೆದುಕೊಂಡು ಹೋಗಲು ಸಂಜೆ ನಾಲ್ಕಕ್ಕೆ ಬಂದರು. ಮಾವನಿಗೆ ನಮಸ್ಕಾರ ಅಂದರು. ಅಣ್ಣ ಅನ್ನಲಿಲ್ಲ. ನನ್ನನ್ನು ಮೌನಗೌರಿ ಅಂತಲೂ ಅನ್ನಲಿಲ್ಲ.

“ಅಜ್ಜ ಹೇಗಿದ್ದಾರೆ?” ಎಂದು ಕೇಳಿದೆ.

“ಬುಧವಾರ ಹೋದ್ರು.”

“ಲಾಕ್ ಮಾಡಿ ನೀವೇ ನೋಡಿ ಸಿಸ್ಟರ್” ಅಂದೆ. ಅವರು ಹೊರಗೆ ನಿಂತೇ ಕೈ ಚಾಚಿ ಗುಂಡಿ ಒತ್ತಿ, ಮುಂದಿನ ಬಾಗಿಲು ಹಾಕಿ, ಸುತ್ತ ನಡೆದು ನಾಲ್ಕೂ ಹಿಡಿಗಳನ್ನು ಎಳೆದರು. ಹಿಂದಿನ ಎಡಬಾಗಿಲನ್ನು ಒಂದು ಕಾಲು ಒತ್ತಿಟ್ಟು ಮೈಭಾರವೆಲ್ಲ ಹಾಕಿ ಜಗ್ಗಿದರು. ಕಾರು ಅಲ್ಲಾಡಿತೇ ಹೊರತು ಬಾಗಿಲು ಬರಲಿಲ್ಲ. ಮಾವ ತಲೆ ತಗ್ಗಿಸಿ ಕೈ ಒರೆಸಿಕೊಳ್ಳುತ್ತಿದ್ದರು.

“ಗಟ್ಟಿಯಾಗಿದೆ” ಅಂದರು ಸಿಸ್ಟರ್.

ಹತ್ತಿ ಕೂತರು. ಬಾಗಿಲು ಹಾಕಿಕೊಂಡರು. ಗುಂಡಿ ಒತ್ತಿದರು, ಟಕ್ ಅಂತು. ಇಗ್ನಿಷನ್ನಿಗೆ ಕೈ ಹೋದದ್ದು ಅಲ್ಲೇ ನಿಂತಿತು. ಅವರು ಸೀಟಿನ ಮೇಲೆ ಪೂರ್ತಿ ಹಿಂದಕ್ಕೆ ತಿರುಗಿ ಖಾಲಿ ಹಿಂದಿನ ಸೀಟನ್ನು ನೋಡಿದರು. ಕಾಲಿಡುವ ಜಾಗವನ್ನೂ ಬಗ್ಗಿ ನೋಡಿದರು. ಆಮೇಲೆ ಹೊರಟರು.